ಸರ್ವೇ ಸಾಹೇಬರ ಮೂರು ಪೆನ್ನು

ಮೂರು ಜನ ಗಂಡಸರು ಒಟ್ಟಿಗೆ ಅಂಗಡಿಗೆ ಬಂದರೆ ನಾನು ಇವತ್ತಿಗೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತೇನೆ. ಅವರು ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದಿರಬಹುದು, ಪಹಣಿ ಹಿಡಿದು ಅರ್ಜಿ ಬರೆಸಲು ಬಂದಿರಬಹುದು. ಅದೆಲ್ಲ ಆಮೇಲೆ ತಿಳಿಯುವ ಮಾತು. ಮೊದಲು ಕಾಲು ಒಳಗೆ ಹೋಗುತ್ತದೆ, ನಂತರ ಬಾಯಿ ತೆರೆದು ‘ಏನ್ ಬೇಕ್ರಿ’ ಅನ್ನುತ್ತೇನೆ. ನನ್ನ ಗಂಡ ಇದನ್ನು ನೋಡಿ ನಗುತ್ತಾನೆ. ಪಕ್ಕದ ಮಿರ್ಚಿ ಗಾಡಿಯವಳೂ ನಗುತ್ತಾಳೆ. ನಗದೆ ಇದ್ದವರು ಒಬ್ಬರೇ. ಅವರು ಹೋದ ತಿಂಗಳು ಯಲಬುರ್ಗಾದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಲ್ಲೇ ತೀರಿಕೊಂಡರು. ಎದೆನೋವಂತೆ.

ಈ ‘ಅಂತೆ’ಯನ್ನು ಅವರು ನೋಡಿದ್ದರೆ ಕೆಳಗೆ ಗೆರೆ ಎಳೆದು, ಯಾರು ಹೇಳಿದ್ದು ಎಂದು ಕೇಳುತ್ತಿದ್ದರು. ಅವರ ಅಕ್ಕ ಹೇಳಿದ್ದು.

ಅವರು ಸರಕಾರಿ ಸರ್ವೇಯರ್. ಗಂಗಾವತಿಯಲ್ಲಿ ನನ್ನ ಅಂಗಡಿಯ ಎದುರಿನ ಕಚೇರಿಯಲ್ಲಿ ಆರು ವರ್ಷ ಇದ್ದರು. ನಾನು ‘ಸಾಹೇಬ್ರ’ ಎನ್ನುತ್ತಿದ್ದೆ, ಅವರು ನನಗೆ ‘ಅಕ್ಕಾರ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರೇ ಹತ್ತು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಕಚೇರಿಯಿಂದ ನನ್ನ ಅಂಗಡಿಗೆ ಬರುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಮಂತ್ರವೇನೋ ಎಂದುಕೊಂಡಿದ್ದೆ. ಹೆಜ್ಜೆ ಎಣಿಸುತ್ತಿದ್ದರು. ರಸ್ತೆ ಅಗಲ ಮಾಡಿದ ಮೇಲೆ ಒಂದು ದಿನ ಬಂದು, “ಅಕ್ಕಾರ, ನೀವು ನನ್ನಿಂದ ನಾಕು ಹೆಜ್ಜಿ ದೂರ ಆಗೀರಿ” ಎಂದು ಬಹಳ ಬೇಜಾರಿನಿಂದ ಹೇಳಿದರು.

ಅಂಗಿಯ ಜೇಬಿನಲ್ಲಿ ಮೂರು ಪೆನ್ನು. ಕಪ್ಪು, ನೀಲಿ, ಕೆಂಪು. ಕಣ್ಣಾರೆ ಕಂಡದ್ದನ್ನು ಕಪ್ಪಿನಲ್ಲಿ ಬರೆಯಬೇಕು, ಇನ್ನೊಬ್ಬರು ಹೇಳಿದ್ದನ್ನು ನೀಲಿಯಲ್ಲಿ, ತಾನು ಊಹಿಸಿದ್ದನ್ನು ಕೆಂಪಿನಲ್ಲಿ. ಇದು ಕಚೇರಿಯ ನಿಯಮವಲ್ಲ, ಅವರದೇ ನಿಯಮ. ಮೂರು ಬಣ್ಣ ಬೆರೆತದ್ದರಿಂದಲೇ ಜಗತ್ತಿನ ಎಲ್ಲ ಹೊಲದ ಜಗಳ ಹುಟ್ಟಿದ್ದು ಎನ್ನುತ್ತಿದ್ದರು. ಯಾರಾದರೂ ಏನಾದರೂ ಸುದ್ದಿ ತಂದರೆ ಕತ್ತು ಓರೆ ಮಾಡಿ, “ಪುರಾವಿ ಐತೇನ್ರಿ?” ಎಂದು ಕೇಳುವರು. ಮಿರ್ಚಿಯವಳು ಎಣ್ಣೆ ಇವತ್ತು ಹೊಸದು ಎಂದರೂ ಅದೇ ಪ್ರಶ್ನೆ.

ಇಷ್ಟು ಕರಾರುವಾಕ್ಕಾದ ಮನುಷ್ಯ ಮಹಾ ಅಂಜುಬುರುಕ. ನಾಯಿಗೆ ಅಂಜುತ್ತಿದ್ದರು, ಹಲ್ಲಿಗೆ ಅಂಜುತ್ತಿದ್ದರು, ಮೇಲಧಿಕಾರಿಯ ಜೀಪಿನ ಸದ್ದಿಗೆ ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಅಳತೆಗೆ ಹೋದಲ್ಲಿ ಅಣ್ಣತಮ್ಮಂದಿರು ಕುಡುಗೋಲು ಎತ್ತಿದರೆ ಇವರು ಮೊದಲು ಓಡಿ ಜೀಪಿನಲ್ಲಿ ಕೂರುತ್ತಿದ್ದರಂತೆ. ಇದೂ ಅಂತೆ. ಅವರೇ ಹೇಳಿದ್ದು.

ಇನ್ನು ಅವರ ಆಟ. ಊರಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ಬಾಡಿಗೆ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಅವರು ಒಂದು ವಿಡಿಯೊ ಗೇಮ್ ಆಡುತ್ತಿದ್ದರು. ಹೆಸರು ಇಂಗ್ಲಿಷಿನಲ್ಲಿತ್ತು. ಅವರು ‘ಏಳು ಕ್ವಾಟಿ ಆಟ’ ಎನ್ನುತ್ತಿದ್ದರು. ಹಳೆಯ ಕಾಲದ ಒಂದು ರಾಜ್ಯ, ನಡುವೆ ಹೊಳೆ, ಸುತ್ತ ಗುಂಡುಕಲ್ಲಿನ ಗುಡ್ಡ, ಏಳು ಕೋಟೆ. ಅಂಥ ರಾಜ್ಯ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ, ದೂರ ದೇಶದವರು ಕೂತು ಕಟ್ಟಿದ್ದು. ನನಗೆ ಮಾತ್ರ ಮೊದಲ ಸಲ ನೋಡಿದಾಗ ಆನೆಗೊಂದಿಯ ದಾರಿ ಕಂಡ ಹಾಗೆ ಆಯಿತು. ಮೂರು ಭಾಗ ಬಂದಿದ್ದವು. ವಿಶೇಷವೆಂದರೆ ಆಟದಲ್ಲಿ ಆ ರಾಜ್ಯದ ಕಥೆಯನ್ನು ಯಾರೂ ನೇರ ಹೇಳುವುದಿಲ್ಲ. ಒಡೆದ ಗಡಿಗೆಯ ಮೇಲೆ ಅರ್ಧ ಸಾಲು ಇರುತ್ತದೆ. ಕಾವಲಿನ ಸಿಪಾಯಿಗಳು ಎಲೆ ಅಡಿಕೆ ಹಾಕುತ್ತ ಏನೋ ಮಾತಾಡಿಕೊಳ್ಳುತ್ತಾರೆ. ಗೋಡೆಯ ಮೇಲೆ ಅಳಿಸಿದ ಚಿತ್ರ ಇರುತ್ತದೆ. ಅದನ್ನೆಲ್ಲ ಕೂಡಿಸಿ ರಾಜ ಯಾರು, ಯುದ್ಧ ಯಾಕಾಯಿತು, ಕೋಟೆ ಹೇಗೆ ಬಿತ್ತು ಎಂದು ಜೋಡಿಸುವ ಹುಚ್ಚರ ಗುಂಪೊಂದು ಫೋನಿನಲ್ಲಿತ್ತು. ಎಲ್ಲೆಲ್ಲಿಯವರೋ. ಇವರು ಕನ್ನಡದಲ್ಲಿ ಬರೆದು ಕಳಿಸಿದರೆ ಕೊಪ್ಪಳದ ಒಬ್ಬ ಬ್ಯಾಂಕಿನ ಹುಡುಗಿ ಅದನ್ನು ಇಂಗ್ಲಿಷಿಗೆ ಮಾಡುತ್ತಿದ್ದಳು. ಆ ಗುಂಪಿನಲ್ಲಿ ಇವರಿಗೆ ಭಾರಿ ಮರ್ಯಾದೆ, ‘ಸರ್ವೇ ಅಂಕಲ್’ ಎಂದೇ ಹೆಸರು.

ಒಮ್ಮೆ ಗುಂಪಿನಲ್ಲಿ ದೊಡ್ಡ ಜಗಳ. ನಾಲ್ಕನೇ ಕೋಟೆಗೆ ವೈರಿಗಳು ಎಷ್ಟು ದಿನ ಮುತ್ತಿಗೆ ಹಾಕಿದ್ದರು? ಯಾರೋ ದೊಡ್ಡ ಪಂಡಿತ ಮೂರು ವರ್ಷ ಎಂದಿದ್ದ. ಇವರು ಆಟದೊಳಗಿನ ಕಣಜವನ್ನು ಹೆಜ್ಜೆಯಲ್ಲಿ ಅಳೆದರು. ಆಮೇಲೆ ಇಲ್ಲಿಯ ರೈಸ್ ಮಿಲ್ಲಿಗೆ ಹೋಗಿ, ಅಷ್ಟು ಜಾಗದಲ್ಲಿ ಎಷ್ಟು ಚೀಲ ಭತ್ತ ಹಿಡಿಯುತ್ತದೆ ಎಂದು ಹಮಾಲರನ್ನು ಕೇಳಿದರು. ಹಮಾಲರು ಇವರು ಮಿಲ್ ಹಾಕುತ್ತಾರೆಂದು ತಿಳಿದು ಚಹಾ ತರಿಸಿದರು. ಲೆಕ್ಕ ಹಾಕಿ, ಅಷ್ಟು ಜನ, ಅಷ್ಟು ಆನೆ ಇದ್ದರೆ ಹನ್ನೊಂದು ತಿಂಗಳ ಮೇಲೆ ಒಂದು ದಿನವೂ ಆಗುವುದಿಲ್ಲ ಎಂದು ಬರೆದರು. ಪಂಡಿತ ತಪ್ಪೊಪ್ಪಿಕೊಂಡ. ಆ ದಿನ ಇವರು ನನಗೂ ಮಿರ್ಚಿಯವಳಿಗೂ ಜಿಲೇಬಿ ಕೊಡಿಸಿದರು. ಮಿರ್ಚಿಯವಳು “ಸಾಹೇಬ್ರಿಗೆ ಪ್ರಮೋಷನ್ ಆತೇನು?” ಎಂದಳು. ನಾನು ಹೌದು ಎಂದೆ.

ಎಲ್ಲರಿಗೂ ಉಳಿದ ಒಗಟು ಏಳನೇ ಕೋಟೆಯ ಬಾಗಿಲು. ಮೂರು ಭಾಗ ಆಡಿದರೂ ಅದು ಯಾರಿಗೂ ತೆರೆದಿರಲಿಲ್ಲ. ಬಾಗಿಲ ಮೇಲೆ ಒಂದು ಕೆತ್ತನೆ ಇತ್ತು. ಅಂಗಾತ ಮಲಗಿದ ಮನುಷ್ಯ, ಕಾಲು ಬಾಗಿಲ ಕಡೆಗೆ. ಇವರು ಅದನ್ನು ಫೋನಿನಲ್ಲಿ ತಂದು ನನಗೂ ತೋರಿಸಿದ್ದರು. “ಹೆಣ ಇರಬೇಕು ಬಿಡ್ರಿ” ಎಂದೆ. “ಕಣ್ಣ ತೆರೆದಾವಲ್ರಿ” ಎಂದರು.

ಇಲ್ಲಿ ನನ್ನ ಮಾತು ಹೇಳಬೇಕು. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಎಡಗಾಲು ತಾಗಿಸಿದರೆ ಸೊಂಟ ಉಳುಕಿದ್ದು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಹೋಗುತ್ತದೋ ಇಲ್ಲವೋ, ಮಿಲ್ಲಿನ ಹಮಾಲರು ನಾಲ್ಕು ದಿನಕ್ಕೊಬ್ಬರು ಬಂದು ಅಂಗಡಿಯ ಮೆಟ್ಟಿಲ ಮೇಲೆ ಬಗ್ಗಿ ಕೂರುತ್ತಿದ್ದರು. ನಾನು ಜೆರಾಕ್ಸ್ ಮಾಡುತ್ತಲೇ ಕಾಲು ತಾಗಿಸಿ ಕಳಿಸುತ್ತಿದ್ದೆ. ಆದರೆ ಈ ನಂಬಿಕೆಗೆ ಇನ್ನೊಂದು ಮುಖ ಇದೆ. ನೆಲದೊಳಗಿನ ನಿಧಿ ಇಂಥವರಿಗೇ ಕಾಣುತ್ತದೆ, ಇಂಥವರು ಮುಂದೆ ನಡೆದರೇ ಅದು ಬಿಟ್ಟುಕೊಡುತ್ತದೆ ಎನ್ನುತ್ತಾರೆ. ನಾನು ಸಣ್ಣವಳಿದ್ದಾಗ ಅವ್ವ ನನ್ನನ್ನು ಗುಡ್ಡದ ಕಡೆ ಕಟ್ಟಿಗೆಗೆ ಕಳಿಸುತ್ತಿರಲಿಲ್ಲ. “ನಿಧಿ ತೆಗಿಯೋರು ಒಯ್ತಾರ” ಎನ್ನುತ್ತಿದ್ದಳು. ಒಯ್ದು ಏನು ಮಾಡುತ್ತಾರೆ ಎಂದು ಕೇಳಿದರೆ ಬಾಯಿ ಮೇಲೆ ಹೊಡೆಯುತ್ತಿದ್ದಳು. ಗುಡ್ಡದ ಹಳೆಯ ಗುಡಿಗಳಲ್ಲಿ ಬಸವಣ್ಣನ ಕೆಳಗೆ ತೋಡಿದ ಗುಣಿಗಳನ್ನು ನಾವೆಲ್ಲ ನೋಡಿಯೇ ಬೆಳೆದವರು. ಆ ಅಂಜಿಕೆ ನನ್ನೊಳಗೆ ಸಣ್ಣಂದಿನಿಂದ ಮಲಗಿತ್ತು.

ಒಂದು ದಿನ ಹಮಾಲನೊಬ್ಬ ಬಗ್ಗಿ ಬಂದು ನೆಟ್ಟಗಾಗಿ ಹೋದದ್ದನ್ನು ಸಾಹೇಬರು ನೋಡಿದರು. ಏನಿದು ಎಂದು ಕೇಳಿ, ನಾನು ಹೇಳಿದ್ದನ್ನೆಲ್ಲ ನೀಲಿ ಪೆನ್ನಿನಲ್ಲಿ ಬರೆದುಕೊಂಡರು. ಮರುದಿನ ಬಂದಾಗ ಅವರ ಮುಖ ಜ್ವರ ಬಂದವರ ಹಾಗೆ ಕೆಂಪಾಗಿತ್ತು.

“ಅಕ್ಕಾರ, ಬಾಗ್ಲಾ ತೆರ್ಯಾವ ಸಿಕ್ಕ. ಅಂವ ಕಾಲ ಮುಂದಾಗಿ ಹುಟ್ಟಿದಾವ ಇರಬೇಕು.”

“ಪುರಾವಿ ಐತೇನ್ರಿ?” ಎಂದೆ.

ಮಕ್ಕಳ ಹಾಗೆ ನಕ್ಕರು. “ಇಲ್ರಿ. ಅದಕ್ಕ ಕೆಂಪಿನ್ಯಾಗ ಬರೆದೀನಿ.”

ಗುಂಪಿನವರು ಕುಣಿದಾಡಿದರು. ಆ ಸಂಭ್ರಮದಲ್ಲಿ ಸಾಹೇಬರು ಆಟದ ವಿವರವನ್ನೆಲ್ಲ ಬರೆದಿಡುತ್ತಿದ್ದ ತಮ್ಮ ಇಡೀ ರಿಜಿಸ್ಟರಿಗೆ ಒಂದು ನಕಲು ಇರಲಿ ಎಂದು ನನಗೆ ಕೊಟ್ಟರು. ಅದನ್ನು ಅವರು ಬರೆದ ರೀತಿ ಹೇಳಲೇಬೇಕು. ಬೇರೆ ಯಾರಾದರೂ ಬರೆದಿದ್ದರೆ ಕಥೆಯ ಹಾಗೆ ಇರುತ್ತಿತ್ತು. ಇವರು ಬರೆದದ್ದು ಹೊಲದ ದಾಖಲೆಯ ಹಾಗೆ. ಪ್ರತಿ ಕೋಟೆಗೂ ನಕ್ಷೆ, ಸರಪಳಿಯ ಅಳತೆ, ಚಕ್ಕುಬಂದಿ. ಏಳನೇ ಕೋಟೆಯ ಬಾಗಿಲಿಗೆ ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಜೋಡಿ ಗುಂಡು, ಉತ್ತರಕ್ಕೆ ಬಾಳೆತೋಟ, ದಕ್ಷಿಣಕ್ಕೆ ಒಡೆದ ಮಂಟಪ. ಕೆಳಗೆ ನೀಲಿಯಲ್ಲಿ, ‘ಒಳಗೆ ಹೋದವನು ಹೊರಗೆ ಬಂದದ್ದನ್ನು ಕಂಡವರಿಲ್ಲ’ ಎಂದು ಆಟದ ಸಿಪಾಯಿಯ ಮಾತು. ಅದರ ಕೆಳಗೆ ಕೆಂಪಿನಲ್ಲಿ, ‘ತೆರೆಯುವವರು: ಕಾಲು ಮುಂದಾಗಿ ಹುಟ್ಟಿದವರು.’

ನನ್ನ ಯಂತ್ರ ಕಪ್ಪು ಬಿಳುಪಿನದು. ಮೊದಲ ಸಲ ಹತ್ತಾರು ಹಾಳೆ ಓರೆಯಾಗಿ ಬಂದವು. ಅವನ್ನು ರದ್ದಿಗೆ ಹಾಕಿ ಬೇರೆ ತೆಗೆದುಕೊಟ್ಟೆ. ನನ್ನ ರದ್ದಿ ಎಲ್ಲ ಪಕ್ಕದ ಗಾಡಿಗೆ ಹೋಗುತ್ತದೆ. ಮಿರ್ಚಿಯವಳು ಅದರಲ್ಲಿ ಮಿರ್ಚಿ ಕಟ್ಟಿಕೊಡುತ್ತಾಳೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಹದಿನೈದು ದಿನದ ಮೇಲೆ, ಬಿಸಿಲು ಚೆನ್ನಾಗಿ ಏರಿದ ಹೊತ್ತಿಗೆ, ಮೂವರು ಬಂದರು. ಒಬ್ಬ ವಯಸ್ಸಾದವನು, ಬಿಳಿ ಮೀಸೆ, ಬಹಳ ಮೆತ್ತಗಿನ ಮಾತು. ಇನ್ನಿಬ್ಬರು ಮೂವತ್ತರ ಆಸುಪಾಸು. ಯಾವೂರು ಎಂದರೆ “ಇಲ್ಲೇ ಗುಡ್ಡದ ಕಡೆ” ಎಂದರು. ಇಬ್ಬರಲ್ಲಿ ಒಬ್ಬ ಸೊಂಟ ಹಿಡಿದುಕೊಂಡಿದ್ದ. ಎಂದಿನಂತೆ ಕಾಲು ತಾಗಿಸಿದೆ. ಅವನು ಎದ್ದು ನಿಂತು, ನನ್ನ ಕಡೆ ನೋಡದೆ ಹಿರಿಯನ ಕಡೆ ನೋಡಿ, “ಹೌದ್ರಿ, ಈಕಿನ” ಎಂದ. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

ಹಿರಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದ. ಏಳನೇ ಕೋಟೆಯ ಚಕ್ಕುಬಂದಿ. ಓರೆಯಾಗಿ ಬಂದ ನನ್ನದೇ ಜೆರಾಕ್ಸ್.

“ಇದನ್ನ ಬರದಾರ ಯಾರ್ರೀ ತಂಗಿ?”

“ನನಗ ಗೊತ್ತಿಲ್ರಿ. ದಿನಾ ನೂರು ಮಂದಿ ಬರ್ತಾರ.”

“ಇರಲಿ ಬಿಡ್ರಿ. ಜಾಗ ನಮಗ ಗೊತ್ತೈತಿ. ಜೋಡಿ ಗುಂಡು, ಬಾಳಿತ್ವಾಟ, ಒಡಕ ಮಂಟಪ, ಎಲ್ಲಾ ಕೂಡ್ತಾವ. ಒಂದ ಕೂಡಿದ್ದಿಲ್ಲ, ಅದೂ ಇವತ್ತ ಕೂಡ್ತು.” ಹೀಗೆಂದು ಚೀಲದಿಂದ ಒಂದು ಹಸಿರು ಖಣ, ತೆಂಗಿನಕಾಯಿ, ಅರಿಶಿನದ ಕೊಂಬು ತೆಗೆದು ನನ್ನ ಮುಂದೆ ಇಟ್ಟ. “ಉಡಿ ತುಂಬಸ್ಕೊಳ್ರಿ. ಅಮಾಸಿ ಮುಂದ ಬಂದು ಕರಕೊಂಡ ಹೋಗ್ತೀವಿ.”

ಕೈ ಮುಗಿದು ಹೋದರು. ಬೈಯಲಿಲ್ಲ, ಬೆದರಿಸಲಿಲ್ಲ. ಬಲಿ ಕುರಿಗೂ ಮೊದಲು ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ ಎಂಬುದು ನೆನಪಾಯಿತು. ಯಂತ್ರದಲ್ಲಿ ಯಾರದೋ ರೇಷನ್ ಕಾರ್ಡು ಹಾಗೇ ಉಳಿಯಿತು. ನನ್ನ ಗಂಡ ಲಾರಿ ಡ್ರೈವರು, ಅಕ್ಕಿ ಹೇರಿಕೊಂಡು ತಮಿಳುನಾಡಿಗೆ ಹೋಗಿದ್ದ. ಫೋನ್ ಮಾಡಿದರೆ, “ಕಾಯಿ ಕೊಟ್ಟಾರ ಹೌದಲ್ಲ, ಚಟ್ನಿ ಮಾಡು” ಎಂದು ನಕ್ಕ. ಅವನು ನಕ್ಕದ್ದು ನನಗೆ ಧೈರ್ಯ ಬರಲಿ ಎಂದೇ ಇರಬಹುದು. ಆದರೆ ಆ ನಗೆಗೆ ನಾನು ಇನ್ನೂ ಅವನನ್ನು ಕ್ಷಮಿಸಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಸಾಹೇಬರಿಗೆ ಎಲ್ಲ ಹೇಳಿದೆ. ಆ ಮೂವರು ಬಿಟ್ಟುಹೋದ ಹಾಳೆಯನ್ನೂ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿ, “ಕೆಂಪು ಎಲ್ಲಿ ಹೋತ್ರಿ?” ಎಂದರು. ಆಗ ನನಗೂ ಕಂಡಿತು. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಲ್ಲ ಒಂದೇ ಕಪ್ಪಾಗಿ ನಿಂತಿತ್ತು. ಓದಿದವರಿಗೆ ಅದು ಸರಕಾರದ ಹಳೆಯ ದಾಖಲೆ.

“ತಪ್ಪು ನಂದ ಐತ್ರಿ. ಊಹಾನ ಬ್ಯಾರೆ ಹಾಳ್ಯಾಗ ಬರೀಬೇಕಿತ್ತು,” ಎಂದರು. ಆ ಹಾಳೆ ಹೊರಗೆ ಹೋದದ್ದು ಹೇಗೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಂಜಿಕೆಯ ನಡುವೆಯೂ ನನ್ನ ತಪ್ಪನ್ನು ಮುಚ್ಚಿಕೊಳ್ಳುವಷ್ಟು ಬುದ್ಧಿ ನನಗೆ ಉಳಿದಿತ್ತು ನೋಡಿ.

ಇಬ್ಬರೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಅಲ್ಲಿದ್ದವರು ಪಾಪ, ಕೇಳಿದರು, ಬರೆದುಕೊಂಡರು. ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಬೆದರಿಸಿಲ್ಲ, ಮುಟ್ಟಿಲ್ಲ, ಕಾಯಿ ಕೊಟ್ಟಿದ್ದಾರೆ. “ಬಂದ ಕೂಡ್ಲೆ ಫೋನ್ ಮಾಡ್ರಿ” ಎಂದು ಒಂದು ನಂಬರು ಕೊಟ್ಟರು. ಅಂದಿನಿಂದ ಸಾಹೇಬರು ಊಟದ ಹೊತ್ತೆಲ್ಲ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರತೊಡಗಿದರು. ಲ್ಯಾಪ್‌ಟಾಪು, ರಿಜಿಸ್ಟರು ಎರಡೂ ತೊಡೆಯ ಮೇಲೆ. ರಸ್ತೆಯಲ್ಲಿ ಯಾರು ನಿಂತರೂ ಇಬ್ಬರೂ ಒಟ್ಟಿಗೆ ಬೆಚ್ಚುತ್ತಿದ್ದೆವು. ಅವರಿಂದ ನನಗೇನು ರಕ್ಷಣೆ ಎಂದು ಒಳಗೊಳಗೇ ಅನ್ನಿಸುತ್ತಿತ್ತು.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಆ ಮೂವರು ಬಂದರು. ನಡು ಮಧ್ಯಾಹ್ನ. ಕಚೇರಿಯವರೆಲ್ಲ ಊಟಕ್ಕೆ ಹೋಗಿದ್ದರು, ಮಿರ್ಚಿ ಗಾಡಿ ಇನ್ನೂ ಬಂದಿರಲಿಲ್ಲ. ಸೊಂಟದವನು ನನ್ನ ಮೇಜಿನ ಮೇಲಿದ್ದ ಫೋನನ್ನು ಎತ್ತಿ ಬಹಳ ಸೌಜನ್ಯದಿಂದ ಆಚೆ ಇಟ್ಟ. ಇನ್ನೊಬ್ಬ ಶಟರಿನ ಬಳಿ ನಿಂತ.

ಸಾಹೇಬರು ಎದ್ದು ನಿಂತರು. ಒಣಗಿದ ತುಟಿ ನೆಕ್ಕಿಕೊಂಡು, “ಇದನ್ನ ಬರೆದಾವ ನಾನ್ರಿ” ಎಂದರು. ರಿಜಿಸ್ಟರ್ ತೆರೆದು ತೋರಿಸಿದರು. “ಇದು ಕರೇದು, ಕಣ್ಣಲೆ ನೋಡಿದ್ದು. ಅದೂ ಆಟದಾಗ. ಇದು ನೀಲಿ, ಕೇಳಿದ್ದು. ಕಾಲ ಮುಂದಾಗಿ ಹುಟ್ಟಿದ ಮಾತು ಕೆಂಪಿನ್ಯಾಗ ಐತಿ ನೋಡ್ರಿ. ಅದು ಬರೇ ನನ್ನ ಊಹಾ.”

ಹಿರಿಯ ಆ ಕೆಂಪು ಸಾಲನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. “ದೇವರ ಮಾತ ಕೆಂಪಿನ್ಯಾಗ ಬರೀಬೇಕ್ರಿ ಸಾಹೇಬ್ರ. ಛಲೋ ಮಾಡೀರಿ.”

ಸಾಹೇಬರು ಲ್ಯಾಪ್‌ಟಾಪ್ ತೆರೆದರು. ಬೆವರಿದ ಬೆರಳು ಕೀಲಿಗಳ ಮೇಲೆ ಜಾರುತ್ತಿತ್ತು. ಹೊಳೆ ದಾಟಿಸಿದರು, ಗುಂಡು ಹತ್ತಿಸಿದರು, ಏಳನೇ ಕೋಟೆಯ ಬಾಗಿಲ ಮುಂದೆ ತಂದು ನಿಲ್ಲಿಸಿದರು. “ನೋಡ್ರಿ, ಇದು ಆಟ. ಹುಡುಗೂರು ಆಡೋ ಆಟ. ಇದರಾಗ ಬಂಗಾರಿಲ್ಲ, ಏನಿಲ್ಲ.”

ಮೂವರೂ ಬಗ್ಗಿ ನೋಡಿದರು. ಬಾಗಿಲು ಕಂಡ ಕೂಡಲೇ ಹಿರಿಯ ಕಾಲಿನ ಚಪ್ಪಲಿ ಬಿಟ್ಟ. ಉಳಿದಿಬ್ಬರೂ ಬಿಟ್ಟರು. “ಜಾಗ ಇದ್ದದ್ದಕ್ಕ ಆಟ ಮಾಡ್ಯಾರ್ರಿ,” ಎಂದ ಹಿರಿಯ ಮೆಲ್ಲಗೆ. “ಇಲ್ದಿದ್ರ ಯಾರ ಮಾಡ್ತಿದ್ರು?” ಆಮೇಲೆ ನನ್ನ ಕಡೆ ತಿರುಗಿದ. “ತಂಗೀ, ಏಳವಾ. ಗಾಡಿ ನಿಂತೈತಿ.”

ನಾನು ಎರಡೂ ಕೈಯಲ್ಲಿ ಕುರ್ಚಿಯನ್ನು ಹಿಡಿದುಕೊಂಡೆ. ಆಗ ಸಾಹೇಬರ ದನಿ ಕೇಳಿತು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಆಕಿ ಅಲ್ರಿ. ಕಾಲ ಮುಂದಾಗಿ ಹುಟ್ಟಿದಾವ ನಾನು.”

ಹಿರಿಯ ಅವರ ಕಡೆ ತಿರುಗಿದ.

“ಮಂದಿ ನನ್ನ ಬೆನ್ನ ಹತ್ತಬಾರದಂತ ಆಕಿ ಹೆಸರ ಹಬ್ಬಿಸೀನಿ. ಇಲ್ದಿದ್ರ ಹೊಲಾ ಅಳಿಯೋ ಮನಷ್ಯಾಗ ಆ ಬಾಗ್ಲಾ ಹೆಂಗ ಕಾಣ್ತಿತ್ರಿ? ನೀವ ಹೇಳ್ರಿ.”

ಹಿರಿಯ ಸೊಂಟದವನಿಗೆ ಕಣ್ಸನ್ನೆ ಮಾಡಿದ. ಅವನು ಮೆಟ್ಟಿಲ ಮೇಲೆ ಬಗ್ಗಿ ಕುಳಿತ. ಸಾಹೇಬರು ಎಡಗಾಲಿನ ಬೂಟು ಬಿಚ್ಚಿದರು. ಕಾಲುಚೀಲದ ಹೆಬ್ಬೆರಳಿನಲ್ಲಿ ತೂತಿತ್ತು. ಗೋಡೆ ಹಿಡಿದುಕೊಂಡು ಕಾಲನ್ನು ಅವನ ಬೆನ್ನ ಮೇಲೆ ಇಟ್ಟರು. ಅಂಜಿಕೆಗೆ ಆ ಕಾಲು ಎಷ್ಟು ನಡುಗುತ್ತಿತ್ತೆಂದರೆ ಬಗ್ಗಿದವನ ಅಂಗಿಯೂ ನಡುಗುವುದು ನನಗೆ ಕಾಣುತ್ತಿತ್ತು. ಮುಗಿಯಿತು, ಇನ್ನು ಇಬ್ಬರನ್ನೂ ಒಯ್ಯುತ್ತಾರೆ ಎಂದುಕೊಂಡೆ.

ಸೊಂಟದವನು ಎದ್ದ. ಕಣ್ಣು ದೊಡ್ಡವಾಗಿದ್ದವು. “ಜುಮ್ ಅಂತ್ರಿ! ಆಕಿ ಮುಟ್ಟಿದಾಗ ಇಷ್ಟ ಆಗಿದ್ದಿಲ್ಲ. ಇವ್ರ ಕಾಲಾಗ ಕರೆಂಟ್ ಐತಿ.”

ಮೂವರೂ ಸಾಹೇಬರಿಗೆ ಕೈ ಮುಗಿದರು. ಗಾಡಿ ನಿಂತಿದೆ, ನಡೀರಿ ಎಂದರು. ಆಗ ಅವರು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಹಂಗ ಬರಾಕ ಬರಾಂಗಿಲ್ರಿ. ಅಳತಿ ಇಲ್ದ ನಾ ಒಂದ ಹೆಜ್ಜಿ ಇಡಾಂಗಿಲ್ಲ. ಮೊದಲ ಅರ್ಜಿ ಆಗಬೇಕು. ನಾಕೂ ಕಡೆ ಹೊಲದವ್ರಿಗೆ ನೋಟಿಸ್ ಹೋಗಬೇಕು. ಅವ್ರ ತಕರಾರು ಕೇಳಬೇಕು. ಆಮ್ಯಾಲ ತಾರೀಖ ಕೊಡ್ತೀನಿ.”

ಆ ಹಿರಿಯ ಜೀವಮಾನದಲ್ಲಿ ಎಷ್ಟು ಸಲ ಯಾವ ಯಾವ ಕಚೇರಿಯ ಮುಂದೆ ಕಾದಿದ್ದನೋ. ತಲೆದೂಗಿದ. “ಅದು ಹೌದ್ರಿ. ಪದ್ಧತಿ ಐತಿ,” ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದರು.

ಸಾಹೇಬರು ಅಲ್ಲೇ ನೆಲಕ್ಕೆ ಕುಸಿದು ಕುಳಿತರು. ಒಂದು ಕಾಲಿಗೆ ಬೂಟು, ಒಂದಕ್ಕಿಲ್ಲ. ನೀರು ಕೊಟ್ಟರೆ ಲೋಟ ಹಿಡಿಯಲಾಗಲಿಲ್ಲ, ನಾನೇ ಕುಡಿಸಿದೆ.

“ಸಾಹೇಬ್ರ, ಸುಳ್ಳ ಹೇಳಿದ್ರಿ,” ಎಂದೆ.

“ಪುರಾವಿ ಇಲ್ದ ಮಾತಾಡಿದ್ದು ಇದ ಮೊದಲ್ರಿ.”

“ನಿಮಗ ಅಂಜಿಕಿ ಆಗಲಿಲ್ಲೇನ್ರಿ?”

“ಭಾಳ ಆತ್ರಿ, ಅಕ್ಕಾರ. ಇನ್ನೊಂದೀಟು ನೀರ ಕೊಡ್ರಿ.”

ಮತ್ತೆ ಪೊಲೀಸರಿಗೆ ಹೇಳಿದೆವು. ನಾಲ್ಕು ದಿನ ಒಬ್ಬರು ಬಂದು ಅಂಗಡಿಯ ಮುಂದೆ ಕೂತರು. ಯಾರೂ ಬರಲಿಲ್ಲ. ಎರಡು ತಿಂಗಳೊಳಗೆ ಸಾಹೇಬರು ತಾವೇ ಕೇಳಿ ಯಲಬುರ್ಗಾಕ್ಕೆ ವರ್ಗ ಮಾಡಿಸಿಕೊಂಡರು. ಗಂಗಾವತಿ ಬಿಟ್ಟು ಯಾರಾದರೂ ಹೋಗುತ್ತಾರೆಯೇ ಎಂದು ಕಚೇರಿಯವರು ಆಡಿಕೊಂಡರು. ಯಾಕೆ ಹೋದರು ಎಂಬುದು ನನಗೆ ಗೊತ್ತಿತ್ತು. ಹೊರಡುವ ಮುಂಚೆ ಆ ಮೂವರಿಗೂ ಹೊಸ ಕಚೇರಿಯ ವಿಳಾಸ ಸಿಗುವಂತೆ ನಾಲ್ಕು ಕಡೆ ಹೇಳಿ ಹೋಗಿದ್ದರು. ಆ ಮೂವರು ನನ್ನನ್ನು ಬಿಟ್ಟು ಅವರ ಹಿಂದೆ ಹೋದರು.

ಎರಡು ವರ್ಷ, ಪ್ರತಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನನಗೆ ಫೋನ್ ಬರುತ್ತಿತ್ತು. “ಬಂದಿದ್ರು. ತಕರಾರು ಐತಿ ಅಂದೆ. ಹ್ವಾದ್ರು.” ಅಷ್ಟೇ. ಕೆಲವೊಮ್ಮೆ ಪೂರ್ವದ ಹೊಲದವನ ತಕರಾರು, ಕೆಲವೊಮ್ಮೆ ಪಶ್ಚಿಮದವನದು. ಇಲ್ಲದ ಹೊಲ, ಇಲ್ಲದ ವಾರಸುದಾರರು. ಖಾಲಿ ಹಾಳೆ ತುಂಬಿದ ಒಂದು ಫೈಲನ್ನು ಕೆಂಪು ದಾರದಲ್ಲಿ ಕಟ್ಟಿ ಇಟ್ಟುಕೊಂಡಿದ್ದರಂತೆ, ಅದನ್ನು ತೋರಿಸಿದರೆ ಸಾಕಾಗುತ್ತಿತ್ತಂತೆ. ಕೇಳಿದವರಿಗೆ ಇದು ನಗೆಯ ಮಾತು. ಹಲ್ಲಿಗೆ ಅಂಜುವ ಮನುಷ್ಯ ಹುಣ್ಣಿಮೆ ದಾಟಿದ ದಿನದಿಂದ ಊಟ ಬಿಡುತ್ತಿದ್ದರು, ಬೀದಿಯಲ್ಲಿ ಬೈಕು ನಿಂತರೆ ಎದ್ದು ಕೂರುತ್ತಿದ್ದರು. ಆಟ ಆಡುವುದನ್ನೂ ಬಿಟ್ಟಿದ್ದರು. ಗುಂಪಿನವರು ಸರ್ವೇ ಅಂಕಲ್ ಎಲ್ಲಿ ಎಂದು ಕೇಳಿ ಕೇಳಿ ಸುಮ್ಮನಾದರು.

ಒಮ್ಮೆ ಫೋನಿನಲ್ಲಿ ನನಗೆ ತಡೆಯಲಾಗಲಿಲ್ಲ. ಹಾಳೆ ಹೊರಬಿದ್ದದ್ದು ನನ್ನ ರದ್ದಿಯಿಂದ ಎಂದು ಅಳುತ್ತ ಹೇಳಿದೆ.

“ಗೊತ್ತೈತ್ರಿ,” ಎಂದರು. “ಮೊದಲ ದಿನಾನ ಗೊತ್ತಾಗಿತ್ತು. ಹಾಳಿಗೆ ಎಣ್ಣಿ ಹತ್ತಿತ್ತು. ಒಂದ ಕಡೆ ಕಡ್ಲಿಹಿಟ್ಟೂ ಇತ್ತು.”

ಅವರು ತೀರಿದ ಸುದ್ದಿ ಬಂದ ಮೇಲೆ ಕುಷ್ಟಗಿಯಲ್ಲಿರುವ ಅವರ ಅಕ್ಕನ ಮನೆಗೆ ಹೋದೆ. ದುಃಖ ಇದ್ದದ್ದು ನಿಜ. ಆದರೆ ಬಸ್ಸಿನಲ್ಲಿ ಕೂತು ನಾನು ಯೋಚಿಸುತ್ತಿದ್ದದ್ದು ಒಂದೇ. ಇನ್ನು ಆ ಮೂವರು ಎಲ್ಲಿಗೆ ಹೋಗುತ್ತಾರೆ? ಹೇಳಲು ನಾಚಿಕೆಯಾಗುತ್ತದೆ. ನನಗಾಗಿ ಎರಡು ವರ್ಷ ಅಂಜಿದವರ ಮಣ್ಣಿನ ಮಾತು ಕೇಳಲು ಹೋಗುತ್ತ ನಾನು ನನ್ನ ಕಾಲಿಗೆ ಅಂಜುತ್ತಿದ್ದೆ.

ಅವರ ಅಕ್ಕ ಚಹಾ ಕೊಟ್ಟು, ತಮ್ಮನ ಬಾಲ್ಯದ ಮಾತು ಹೇಳಿದರು. ನಾನು ಕೇಳಿಯೇಬಿಟ್ಟೆ. “ಅವ್ರು ಕಾಲ ಮುಂದಾಗಿ ಹುಟ್ಟ್ಯಾರೇನ್ರಿ?”

“ಇಲ್ಲವಾ. ನಮ್ಮವ್ವ ಹೊಲದಾಗ ಹಡೆದ್ಲು. ನಾನೇ ಅಲ್ಲಿದ್ದೆ. ತೆಲಿ ಮುಂದ, ಒಂದ ತಾಸಿನ್ಯಾಗ. ಅಷ್ಟ ಸರಳ ಹುಟ್ಟಿದ ಕೂಸು ಅದು.” ಎಂದವರು ಒಳಗೆ ಹೋಗಿ ರಿಜಿಸ್ಟರ್ ತಂದರು. “ಜೆರಾಕ್ಸ್ ಅಕ್ಕಾಗ ಕೊಡು ಅಂತ ಬರದಿಟ್ಟಾನ.”

ಊರಿಗೆ ಬಂದು ಅಂಗಡಿಯಲ್ಲಿ ಕೂತು ತೆರೆದೆ. ಏಳು ಕೋಟೆ ಮುಗಿದ ಮೇಲಿನ ಕೊನೆಯ ಪುಟದಲ್ಲಿ ಮೂರೇ ಸಾಲು.

ಕಪ್ಪಿನಲ್ಲಿ: ‘ಈ ಅಮಾವಾಸ್ಯೆಗೆ ಇಬ್ಬರೇ ಬಂದರು. ಹಿರಿಯ ಬರಲಿಲ್ಲ.’

ನೀಲಿಯಲ್ಲಿ: ‘ಹಿರಿಯನಿಗೆ ಲಕ್ವ ಹೊಡೆದಿದೆ, ಮಾತು ನಿಂತಿದೆ ಎಂದು ಆ ಇಬ್ಬರು ಹೇಳಿದರು.’

ಕೆಂಪಿನಲ್ಲಿ: ‘ನಾನು ಇಲ್ಲದಿದ್ದರೂ ಇನ್ನು ಇವರು ಅಕ್ಕಾರ ಕಡೆ ಹೋಗಲಿಕ್ಕಿಲ್ಲ.’

ಆ ಕೆಂಪು ಸಾಲನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ಅದು ಕೆಂಪಾಗಿಯೇ ಇತ್ತು. ಕೊನೆಗೆ ಎದ್ದು, ಪುಟವನ್ನು ಯಂತ್ರದ ಗಾಜಿನ ಮೇಲೆ ಬೋರಲಾಗಿ ಇಟ್ಟು ಗುಂಡಿ ಒತ್ತಿದೆ. ಬೆಚ್ಚಗಿನ ಹಾಳೆ ಹೊರಗೆ ಬಂತು. ಮೂರು ಸಾಲೂ ಕಪ್ಪು.

ಆ ಜೆರಾಕ್ಸನ್ನು ಮೇಜಿನ ಡ್ರಾದೊಳಗೆ ಅಂಟಿಸಿದ್ದೇನೆ. ಮೂರು ಜನ ಒಟ್ಟಿಗೆ ಬಂದರೆ ಕಾಲು ಒಳಗೆ ಎಳೆದುಕೊಂಡು, ಡ್ರಾ ತೆರೆದು ಅದರ ಕೊನೆಯ ಸಾಲನ್ನು ಓದಿಕೊಳ್ಳುತ್ತೇನೆ. ರಿಜಿಸ್ಟರನ್ನು ಮಾತ್ರ ತೆರೆಯುವುದಿಲ್ಲ.